ಮೇಲಿನ ಪಡಸಾಲೆಯ ಅಳತೆ

ಫೆಬ್ರವರಿ 6

ನಕ್ಷೆಕಾರರಿಗೆ ನಮಸ್ಕಾರ.

ಈ ಕಾಗದ ನಿಮ್ಮ ಕೈ ಸೇರುತ್ತದೋ ಇಲ್ಲವೋ ತಿಳಿಯದು. ವಿಳಾಸ ಇಪ್ಪತ್ತೇಳು ವರ್ಷ ಹಳೆಯದು, ನಮ್ಮ ಹಾಜರಿ ಪುಸ್ತಕದಲ್ಲಿ ನೀವೇ ಬರೆದಿಟ್ಟದ್ದು. ನಾನು ಕೋರ್ಟಿನ ದಾಖಲೆ ಕೋಣೆಯವಳು. ನೀವು ನಮ್ಮ ಕಟ್ಟಡ ಅಳೆಯಲು ಬಂದಿದ್ದ ಹನ್ನೊಂದು ದಿನ ಟೇಪಿನ ಇನ್ನೊಂದು ತುದಿ ಹಿಡಿದವಳು ಎಂದರೆ ನೆನಪಾಗಬಹುದು. ಆಗದಿದ್ದರೂ ಅಡ್ಡಿಯಿಲ್ಲ.

ವಿಷಯ ಇಷ್ಟೇ. ಬರುವ ವರ್ಷ ಕಟ್ಟಡಕ್ಕೆ ನೂರು ತುಂಬುತ್ತದೆ. ಅದರ ಚರಿತ್ರೆಯನ್ನು ಇಪ್ಪತ್ತು ಪುಟಗಳಲ್ಲಿ ಬರೆಯಬೇಕೆಂದು ಹೊಸ ಜಡ್ಜ್ ಸಾಹೇಬರು ನನಗೆ ಹೇಳಿದ್ದಾರೆ. "ಇಲ್ಲಿ ನಿಮಗಿಂತ ಹಳೇದು ಅಂದ್ರೆ ಕಂಬಗಳು ಮಾತ್ರ ಮೇಡಂ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ನೀವು ಬರೆದ ಏಳು ನಕ್ಷೆಗಳಲ್ಲಿ ಐದನ್ನು ಗೆದ್ದಲು ತಿಂದಿದೆ. ಉಳಿದೆರಡನ್ನು ಯಾರೋ ಪುಣ್ಯಾತ್ಮರು ಕಪಾಟಿನ ಹಲಗೆಗೆ ಹಾಸಿದ್ದಾರೆ. ನಿಮ್ಮಲ್ಲಿ ಪ್ರತಿ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡಿ. ಸೆಪ್ಟೆಂಬರಿನಲ್ಲಿ ನನಗೆ ನಿವೃತ್ತಿ, ಅಷ್ಟರೊಳಗೆ ಬರೆದು ಮುಗಿಸಬೇಕು.

ಇಂತಿ,
ದಾಖಲೆ ಕೋಣೆಯ ಮೇಲ್ವಿಚಾರಕಿ

ಫೆಬ್ರವರಿ 21

ದಾಖಲೆ ಕೋಣೆಯ ಮೇಡಂ ಅವರಿಗೆ,

ನಿಮ್ಮ ಕಾಗದ ಮೂರು ಮನೆ ಸುತ್ತಿ, ಮೂವರು ಅಂಚೆಯವರ ಪೆನ್ಸಿಲ್ ಗುರುತು ಹೊತ್ತುಕೊಂಡು ಬಂತು. ನೆನಪಾಗದಿದ್ದರೂ ಅಡ್ಡಿಯಿಲ್ಲ ಎಂದಿದ್ದೀರಿ. ನೆನಪಿದೆ.

ಏಳೂ ನಕ್ಷೆಗಳ ಪ್ರತಿ ನನ್ನಲ್ಲಿತ್ತು. ತಗಡಿನ ಕೊಳವೆಯಲ್ಲಿ ಹಾಕಿ ಬೇರೆಯಾಗಿ ಕಳಿಸಿದ್ದೇನೆ. ಈಗ ನಾನಿರುವುದು ಒಂದು ಬಂದರಿನ ಊರಿನಲ್ಲಿ. ಹಡಗು ರಿಪೇರಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆದು ನಿವೃತ್ತನಾದೆ. ವಾರಕ್ಕೆ ಮೂರು ದಿನ ಕಸುಬಿನ ಶಾಲೆಯಲ್ಲಿ ಗೆರೆ ಎಳೆಯುವುದನ್ನು ಕಲಿಸುತ್ತೇನೆ. ಹಡಗು ಅಳೆದು ಅಳೆದು ಬೇಸರವಾಗಿದೆ, ಅದು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ.

ಗೋಪುರದ ಆ ದುಂಡನೆಯ ತೂತಿಗೆ ಕೊನೆಗೂ ಗಡಿಯಾರ ಬಂತೇ? ಜನ ಈಗಲೂ ಹಿಂಬಾಗಿಲಿನಿಂದಲೇ ಬರುತ್ತಾರೆಯೇ? ಮೆಟ್ಟಿಲುಗಳ ಎಡಮೈ ಮಾತ್ರ ಸವೆದಿತ್ತಲ್ಲ, ಬಲಮೈ ಸವೆಯತೊಡಗಿದೆಯೇ? ನಿಮ್ಮ ಆಫೀಸಿನಲ್ಲಿ ನನಗೊಂದು ಅಡ್ಡಹೆಸರು ಇಟ್ಟಿದ್ದಿರಿ. ಏನೆಂದು ಮರೆತೆ.

ನಿಮ್ಮ ವಿಶ್ವಾಸಿ,
ನಕ್ಷೆಕಾರ

ಮಾರ್ಚ್ 9

ನಕ್ಷೆಕಾರರಿಗೆ,

ಅಡಿಪಟ್ಟಿ. ನಿಮ್ಮ ಅಡ್ಡಹೆಸರು ಅಡಿಪಟ್ಟಿ. ಅಷ್ಟು ಉದ್ದ, ಅಷ್ಟು ತೆಳ್ಳಗೆ, ಅಷ್ಟು ನೆಟ್ಟಗೆ ಇದ್ದಿರಿ. ಇಟ್ಟವಳು ನಾನಲ್ಲ, ಆಗಿನ ಟೈಪಿಸ್ಟ್. ಊರಿಗೆಲ್ಲ ಹಬ್ಬಿಸಿದವಳು ಮಾತ್ರ ನಾನೇ.

ಕೊಳವೆ ಬಂತು. ಏಳು ನಕ್ಷೆಗಳನ್ನೂ ವಿಚಾರಣೆಯ ಹಾಲಿನ ಉದ್ದ ಮೇಜಿನ ಮೇಲೆ ಹರಡಿ, ಮೂಲೆಗಳಿಗೆ ಕಾನೂನು ಪುಸ್ತಕ ಹೇರಿ, ಇಡೀ ಭಾನುವಾರ ನೋಡಿದೆ. ಗಡಿಯಾರ ಬಂದಿಲ್ಲ. ತೂತಿನಲ್ಲಿ ಪಾರಿವಾಳಗಳ ಸಂಸಾರ ನಡೆದಿದೆ. ಮೆಟ್ಟಿಲಿನ ಬಲಮೈ ಹಾಗೆಯೇ ಇದೆ, ಹತ್ತುವವರೂ ಇಳಿಯುವವರೂ ಕಟಾಂಜನ ಹಿಡಿದುಕೊಳ್ಳಲು ಎಡಕ್ಕೇ ಬರುತ್ತಾರೆ. ಹಿಂಬಾಗಿಲಿನ ಕಥೆ ನನಗೆ ಸಿಕ್ಕಿತು. ಕಟ್ಟುವಾಗ ಊರಿನ ದೊಡ್ಡ ರಸ್ತೆ ಹೊಳೆಯ ಕಡೆಗಿತ್ತು, ಎಂಟು ಕಂಬದ ಮುಂಬಾಗಿಲನ್ನು ಅತ್ತ ಇಟ್ಟರು. ಕಟ್ಟಿ ಹತ್ತು ವರ್ಷಕ್ಕೆ ಸೇತುವೆ ಬೇರೆ ಕಡೆ ಆಯಿತು, ರಸ್ತೆ ಇತ್ತ ಬಂತು. ಅಂದಿನಿಂದ ಎಂಟು ಕಂಬಗಳು ಯಾರೂ ಬಾರದ ಹೊಳೆದಂಡೆಯನ್ನು ನೋಡುತ್ತ ನಿಂತಿವೆ. ನನಗೆ ಅವುಗಳ ಮೇಲೆ ಮೊದಲಿನಿಂದಲೂ ಮಮತೆ.

ಇನ್ನೊಂದು. ಮೇಲಿನ ಪಡಸಾಲೆಯ ಹನ್ನೊಂದು ಕಮಾನುಗಳಲ್ಲಿ ಎಂಟನೆಯದು ಯಾಕೆ ಕಿರಿದು ಎಂದು ನೀವು ಎರಡು ದಿನ ತಲೆ ಕೆಡಿಸಿಕೊಂಡಿದ್ದಿರಿ. ಹಳೆಯ ಕಟ್ಟೊಂದರಲ್ಲಿ ಮೇಸ್ತ್ರಿಯ ಕಾಗದ ಸಿಕ್ಕಿತು. ಅರ್ಧ ಕಟ್ಟಿದ ಮೇಲೆ, ದಾಖಲೆಗಳಿಗೆ ಬೇರೆ ಕೋಣೆ ಬೇಕೆಂದು ಆಜ್ಞೆ ಬಂತಂತೆ. ಹನ್ನೊಂದು ಕಮಾನಿಗೆ ಜಾಗ ಸಾಲಲಿಲ್ಲ. "ಕೊರತೆಯನ್ನು ಎಲ್ಲಕ್ಕೂ ಹಂಚಿದ್ದರೆ ಎಲ್ಲವೂ ಕೆಡುತ್ತಿದ್ದವು, ಆದ್ದರಿಂದ ಒಂದೇ ಕಮಾನಿನ ಮೇಲೆ ಹೊರಿಸಿದ್ದೇನೆ" ಎಂದು ಬರೆದಿದ್ದಾನೆ. ಓದಿ ನಿಮಗೆ ಹೇಳಬೇಕೆನಿಸಿತು, ಹೇಳಲು ನೀವು ಪಕ್ಕದಲ್ಲಿರಲಿಲ್ಲ.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮನೆಯ ಹಿಂಭಾಗದಲ್ಲಿ ತಮ್ಮನ ಸಂಸಾರ, ಮುಂದಿನ ಎರಡು ಕೋಣೆ ನನಗೆ. ನಾನು ಮದುವೆಯ ತಂಟೆಗೆ ಹೋಗಲಿಲ್ಲ. ನಿಮ್ಮ ಮನೆಯವರು ಹೇಗಿದ್ದಾರೆ? ಮಕ್ಕಳೆಷ್ಟು?

ಅಂದು ಹೊರಡುವಾಗ "ಲೆಕ್ಕ ಕೂಡದೇ ಹೋದ್ರೆ ಮತ್ತೆ ಬರ್ಬೇಕಾಗುತ್ತೆ" ಎಂದಿದ್ದಿರಿ. ಎಲ್ಲ ಕೂಡಿತೆಂದು ಕಾಣುತ್ತದೆ. ನೀವು ಬರಲಿಲ್ಲ.

ಇಂತಿ,
ದಾಖಲೆ ಕೋಣೆಯವಳು

ಮಾರ್ಚ್ 28

ಮೇಡಂ ಅವರಿಗೆ,

ನಿಮ್ಮ ತಾಯಿಯವರ ವಿಷಯ ತಿಳಿದು ದುಃಖವಾಯಿತು. ಮಧ್ಯಾಹ್ನ ನಿಮಗೆ ಊಟ ತಂದಾಗ ನನಗೂ ಬಡಿಸುತ್ತಿದ್ದರು, "ಇನ್ನಷ್ಟು ತಿನ್ನಪ್ಪ, ಗಾಳಿಗೆ ಹಾರಿಹೋದೀಯ" ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಎಲ್ಲ ಕ್ಷೇಮ. ಒಬ್ಬಳೇ ಮಗಳು, ಮದುವೆಯಾಗಿದೆ. ಎಂಟನೆಯ ಕಮಾನಿನ ಮೇಸ್ತ್ರಿ ಜಾಣ.

ಹೌದು, ಲೆಕ್ಕ ಎಲ್ಲ ಕೂಡಿತು.

ನಕ್ಷೆಕಾರ

ಮೇ 17

ಮಾನ್ಯ ನಕ್ಷೆಕಾರರಿಗೆ,

ಕೆಲಸದ ಒತ್ತಡದಿಂದ ಉತ್ತರ ತಡವಾಯಿತು. ನಿಮ್ಮ ಕುಟುಂಬ ಕ್ಷೇಮವೆಂದು ತಿಳಿದು ಸಂತೋಷ.

ಈಗ ಬರೆಯುತ್ತಿರುವುದು ಕಟ್ಟಡದ ವಿಷಯ. ನೀವು ಕಳಿಸಿದ ನಕ್ಷೆಗಳನ್ನು ಜಡ್ಜ್ ಸಾಹೇಬರು ಬಹಳ ಮೆಚ್ಚಿ, ಸುಣ್ಣಬಣ್ಣದ ಅಂದಾಜಿಗೆಂದು ಎಂಜಿನಿಯರರಿಗೆ ಕೊಟ್ಟರು. ಅವರು ಹೊಸ ಯಂತ್ರ ತಂದು ಎಲ್ಲ ಅಳೆದು ನಿಮ್ಮ ಅಂಕಿಗಳ ಪಕ್ಕದಲ್ಲಿಟ್ಟರು. ಎಲ್ಲ ಕೋಣೆಗಳೂ ಅರ್ಧ ಅಂಗುಲ ತಪ್ಪದಂತೆ ಹೊಂದಿವೆ, ಒಂದನ್ನು ಬಿಟ್ಟು. ಮೇಲಿನ ಪಡಸಾಲೆ ನಿಮ್ಮ ನಕ್ಷೆಯಲ್ಲಿ ಎಂಬತ್ತಮೂರು ಅಡಿ ಆರು ಅಂಗುಲ. ಈಗ ಎಂಬತ್ತಮೂರು ಅಡಿ ಒಂಬತ್ತು ಅಂಗುಲ ಬಂದಿದೆ. ಕೆಳಗಿನ ಪಡಸಾಲೆಯಲ್ಲಿ ವ್ಯತ್ಯಾಸವಿಲ್ಲ.

ಆದ್ದರಿಂದ ಪೂರ್ವದ ಗೋಡೆ ಇಪ್ಪತ್ತೇಳು ವರ್ಷಗಳಲ್ಲಿ ಮೇಲ್ಭಾಗದಲ್ಲಿ ಮೂರು ಅಂಗುಲ ಹೊರಕ್ಕೆ ವಾಲಿದೆ ಎನ್ನುವುದು ಅವರ ತೀರ್ಮಾನ. ಮೂಲೆಯ ಗಾರೆಯಲ್ಲಿ ಒಂದು ಬಿರುಕಿದೆ. ನಾನು ಸೇರಿದಾಗಿನಿಂದಲೂ ಇದೆ ಎಂದೆ, ಅದನ್ನೇ ಸಾಕ್ಷಿ ಎಂದರು. ಗೋಡೆಯ ಹೊರಮೈ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು, ಹಾಗಾಗಿ ಗುಂಡು ಕಟ್ಟಿದ ದಾರ ಇಳಿಬಿಟ್ಟರೂ ಏನೂ ಹೇಳಲಾಗದಂತೆ. ಸಮಿತಿ ನೇಮಕವಾಗಿದೆ. ಗೋಡೆ ವಾಲಿದ್ದು ನಿಜವಾದರೆ ಅಕ್ಟೋಬರಿನಲ್ಲಿ ಇಡೀ ಕಟ್ಟಡ ಕೆಡವಿ, ಕೋರ್ಟನ್ನು ಹೊರವಲಯದ ಹೊಸ ಕಟ್ಟಡಕ್ಕೆ ಸಾಗಿಸುತ್ತಾರೆ. ಈಗಾಗಲೇ ಮೇಲಿನ ಮಹಡಿಗೆ ಹಗ್ಗ ಕಟ್ಟಿದ್ದಾರೆ. ಮೂವತ್ತನಾಲ್ಕು ವರ್ಷ ನಡೆದ ಪಡಸಾಲೆಯಲ್ಲಿ ಕಾಲಿಡಲು ನಾನು ಸಹಿ ಹಾಕಬೇಕು.

ಆ ದಿನದ ನಿಮ್ಮ ಅಳತೆ ಪುಸ್ತಕ ಉಳಿದಿದೆಯೇ? ಅದರಲ್ಲಿ ಏನು ಬರೆದಿದೆ?

ಮೇಲ್ವಿಚಾರಕಿ

ಮೇ 27

ಮೇಡಂ,

ಗಾಬರಿಯಾಗಬೇಡಿ. ಗೋಡೆ ವಾಲಿಲ್ಲ. ತಪ್ಪು ನನ್ನದು. ಒಂಬತ್ತು ಎಂದು ಬರೆಯಬೇಕಾದಲ್ಲಿ ಕೈತಪ್ಪಿ ಆರು ಎಂದು ಬರೆದೆ. ಹಾಗೆಂದು ಇವತ್ತೇ ಸಮಿತಿಗೆ ಬರೆದು ಹಾಕಿದ್ದೇನೆ. ಅಳತೆ ಪುಸ್ತಕ ಕಳೆದುಹೋಗಿದೆ.

ಇದಕ್ಕೂ ನಿಮಗೂ ಸಂಬಂಧವಿಲ್ಲ. ಯಾರಾದರೂ ಕೇಳಿದರೆ, ಟೇಪು ಯಾರು ಹಿಡಿದಿದ್ದರೋ ನೆನಪಿಲ್ಲ ಎನ್ನಿ.

ನಕ್ಷೆಕಾರ

ಜೂನ್ 15

ನಕ್ಷೆಯವರೇ,

ನಿಮ್ಮ ಕಾಗದವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿದರು. ಯಾರೂ ನಂಬಲಿಲ್ಲ. ಉಳಿದ ನಾನೂರು ಅಂಕಿಗಳಲ್ಲಿ ಒಂದೂ ತಪ್ಪದವನು ಇದೊಂದರಲ್ಲಿ ತಪ್ಪಿದನೇ ಎಂದರು ಎಂಜಿನಿಯರ್. ಹಳೇ ಕಟ್ಟಡದ ಮೇಲಿನ ಮೋಹಕ್ಕೆ ಮುದುಕ ಸುಳ್ಳು ಬರೆದಿದ್ದಾನೆ ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಗುವವರ ಮೇಲಲ್ಲ, ನನ್ನ ಮೇಲೆ.

ನಿಮ್ಮ ಕೈ ತಪ್ಪಲಿಲ್ಲ. ಟೇಪಿನಲ್ಲಿ ಕಂಡದ್ದನ್ನೇ ಬರೆದಿರಿ. ತಪ್ಪಿಸಿದವಳು ನಾನು.

ಅದು ಹನ್ನೊಂದನೆಯ ದಿನ, ಕೊನೆಯ ಅಳತೆ. ನೀವು ಪಡಸಾಲೆಯ ಆ ತುದಿಯಲ್ಲಿ, ನಾನು ಪೂರ್ವದ ಗೋಡೆಯ ಹತ್ತಿರ. ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿಯಬೇಕಿತ್ತು. ನಾನು ಎಡಗೈಯ ನಾಲ್ಕು ಬೆರಳನ್ನು ಅಡ್ಡಲಾಗಿ ಗೋಡೆಗೆ ಆನಿಸಿ, ಅದರ ಮುಂದೆ ತುದಿ ಹಿಡಿದೆ. ಗೋಡೆಗೂ ಟೇಪಿಗೂ ನಡುವೆ ನಾಲ್ಕು ಬೆರಳು. "ಹಿಡಿದಿರಾ?" ಎಂದು ನೀವು ಕೂಗಿದಿರಿ. "ಹಿಡಿದೆ" ಎಂದೆ.

ಲೆಕ್ಕ ಕೂಡದೇ ಹೋದರೆ ಮತ್ತೆ ಬರಬೇಕಾಗುತ್ತದೆ ಎಂದು ಹತ್ತು ದಿನದಿಂದ ನೀವು ಹೇಳುತ್ತಿದ್ದಿರಿ. ನೀವು ಮತ್ತೆ ಬರಬೇಕಿತ್ತು ನನಗೆ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ, ಬೆರಳಿಗೆ ಇತ್ತು. ನೀವು ಹೋದ ಮೇಲೆ ಒಂದು ವರ್ಷ, ಮೆಟ್ಟಿಲಲ್ಲಿ ಉದ್ದ ಹೆಜ್ಜೆಯ ಸಪ್ಪಳವಾದರೆ ಕಡತ ಕೆಳಗಿಡುತ್ತಿದ್ದೆ. ವಕೀಲರ ಗುಮಾಸ್ತ ಒಬ್ಬನ ಹೆಜ್ಜೆ ಥೇಟ್ ನಿಮ್ಮದೇ. ಆ ಪಾಪದ ಮನುಷ್ಯನನ್ನು ಸುಮ್ಮಸುಮ್ಮನೆ ದ್ವೇಷಿಸಿದೆ. ನೀವು ಬರಲಿಲ್ಲ. ಅವರು ಅಷ್ಟು ನಿಗಾ ಇಟ್ಟು ಅಳೆಯುವವರಲ್ಲ ಅಂದುಕೊಂಡೆ. ಆಮೇಲೆ ಇನ್ನೂ ಕೆಟ್ಟದ್ದನ್ನು ಅಂದುಕೊಂಡೆ, ಲೆಕ್ಕ ಕೂಡದಿದ್ದರೂ ಬರುವ ಮನಸ್ಸಾಗಲಿಲ್ಲ ಎಂದು.

ಈಗ ಆ ಬೆರಳುಗಳು ನೂರು ವರ್ಷದ ಕಟ್ಟಡ ಉರುಳಿಸುತ್ತಿವೆ. ಬರುವ ಬೈಠಕ್ಕಿನಲ್ಲಿ ಹೇಳಿಬಿಡುತ್ತೇನೆ. ನಿವೃತ್ತಿಗೆ ಮೂರು ತಿಂಗಳಿರುವಾಗ ಮರ್ಯಾದೆ ಹೋಗುತ್ತದೆ, ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ. ಆಗಲಿ. ನಿಮ್ಮ ಮನೆಯವರಿಗೆ ಈ ಕಾಗದ ತೋರಿಸಬೇಡಿ, ಅವರ ಮನಸ್ಸಿಗೆ ನೋವಾಗುವುದು ಬೇಡ.

ದಾಖಲೆ ಕೋಣೆಯವಳು

ಜೂನ್ 29

ನಿಮಗೆ,

ಹೇಗೆ ಸಂಬೋಧಿಸಬೇಕೋ ತಿಳಿಯದೆ ಮೂರು ಹಾಳೆ ಹರಿದೆ.

ಮೊದಲು ಮನೆಯ ವಿಷಯ. ಮನೆಯಲ್ಲಿ ಎಲ್ಲ ಕ್ಷೇಮ ಎಂದಿದ್ದೆ. ಎಲ್ಲ ಎಂದರೆ ನಾನೊಬ್ಬನೇ. ಹೆಂಡತಿ ಹೋಗಿ ಆರು ವರ್ಷವಾಯಿತು. ಒಳ್ಳೆಯವಳು. ಚೆನ್ನಾಗಿ ಬಾಳಿದೆವು, ಅದನ್ನು ಸುಳ್ಳು ಮಾಡಿ ಬರೆಯಲಾರೆ. ನೀವು ಕೇಳಿದಾಗ ಹೇಳಿದ್ದರೆ, ಅದನ್ನು ಹೇಳುವುದಕ್ಕೇ ಕಾಗದ ಬರೆದಂತೆ ಕಾಣುತ್ತದೆ ಎನಿಸಿತು. ಅದಕ್ಕೇ ಮುಚ್ಚಿಟ್ಟೆ.

ಪುಸ್ತಕ ಕಳೆದಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಮೂವತ್ತೆಂಟನೆಯ ಪುಟ ನೋಡಿ. ಪಡಸಾಲೆ ಎಂಬತ್ತಮೂರು ಅಡಿ ಆರು ಅಂಗುಲ. ಅದರ ಕೆಳಗೆ, ಪಡಸಾಲೆಯುದ್ದಕ್ಕೂ ಇರುವ ಕೋಣೆಗಳನ್ನೂ ಗೋಡೆಗಳನ್ನೂ ನಾನೊಬ್ಬನೇ ಅಳೆದು ಕೂಡಿಸಿದ ಮೊತ್ತ ಇದೆ. ಎಂಬತ್ತಮೂರು ಅಡಿ ಒಂಬತ್ತು ಅಂಗುಲ. ಊರಿಗೆ ಮರಳಿದ ನಾಲ್ಕನೆಯ ದಿನವೇ ನನಗೆ ಗೊತ್ತಾಯಿತು. ಲೆಕ್ಕ ಕೂಡಿರಲಿಲ್ಲ.

ನೀವು ಬೇಕೆಂದು ಮಾಡಿದಿರಿ ಎಂದು ಕನಸಿನಲ್ಲೂ ಹೊಳೆಯಲಿಲ್ಲ. ದಣಿದಿದ್ದಿರಿ, ಕೈ ಜಾರಿದೆ ಅಂದುಕೊಂಡೆ. ನನ್ನ ಜೊತೆ ಅಲೆಯುತ್ತ ದಾಖಲೆ ಕೋಣೆ ಬಿಟ್ಟಿರುತ್ತೀರಿ ಎಂದು ನಿಮ್ಮ ಹೆಡ್ ಕ್ಲಾರ್ಕ್ ಎಲ್ಲರೆದುರು ಬೈದದ್ದನ್ನು ನೋಡಿದ್ದೆ. ಮತ್ತೆ ಅಳೆಯಲು ಅನುಮತಿ ಕೇಳಿದ್ದರೆ ಯಾಕೆ, ಯಾರ ತಪ್ಪು ಎಂದು ಬರೆಯಬೇಕಿತ್ತು. ನಿಮ್ಮ ಹೆಸರು ಬರುತ್ತಿತ್ತು. ಆದ್ದರಿಂದ ಪೂರ್ವದ ಗೋಡೆಯನ್ನು ಕಾಗದದ ಮೇಲೆ ಮೂರು ಅಂಗುಲ ದಪ್ಪ ಮಾಡಿದೆ. ಆ ಗೋಡೆಗೆ ಕಿಟಕಿಯಿಲ್ಲ, ಬಾಗಿಲಿಲ್ಲ. ದಪ್ಪವನ್ನು ಯಾರೂ ಅಳೆಯಲಾರರು. ನಿಮ್ಮ ಮೇಸ್ತ್ರಿಯಂತೆ ನಾನೂ ಕೊರತೆಯನ್ನೆಲ್ಲ ಒಂದರ ಮೇಲೆ ಹೊರಿಸಿದೆ. ನನ್ನ ಇಡೀ ಜೀವನದಲ್ಲಿ ಬರೆದ ಸುಳ್ಳು ಗೆರೆ ಅದೊಂದೇ.

ಇದು ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಹೇಡಿತನ. ಇನ್ನೊಮ್ಮೆ ಬಂದರೆ ನಿಮ್ಮನ್ನು ಕೇಳದೆ ಮರಳಲಾರೆ ಎಂದು ಗೊತ್ತಿತ್ತು. ಕೇಳಿ, ನೀವು ಒಲ್ಲೆ ಎಂದರೆ ಆ ಕಟ್ಟಡದ ನೆನಪೂ ಕೈಬಿಟ್ಟುಹೋಗುತ್ತದೆ ಎಂದು ಹೆದರಿದೆ.

ನಿಮ್ಮ ಹೇಳಿಕೆ ಬೇಡ. ಪುಸ್ತಕವೇ ಸಾಕಾಗುತ್ತದೆ.

ಅಡಿಪಟ್ಟಿ

ಜುಲೈ 18

ಅಡಿಪಟ್ಟಿಯವರೇ,

ಮೂವತ್ತೆಂಟನೆಯ ಪುಟ ನೋಡಿದೆ. ಎರಡು ಮೊತ್ತಗಳ ಪಕ್ಕದಲ್ಲಿ ನೀವೇನೋ ಬರೆದು ರಬ್ಬರಿನಿಂದ ಉಜ್ಜಿದ್ದೀರಿ. ಮೂವತ್ತನಾಲ್ಕು ವರ್ಷ ಅಳಿಸಿದ ಅಕ್ಷರ, ತಿದ್ದಿದ ಸಹಿಗಳನ್ನೇ ಓದಿದವಳು ನಾನು. ಹಾಳೆಯನ್ನು ಕಿಟಕಿಗೆ ಹಿಡಿದೆ. "ಮತ್ತೆ ಹೋಗಬೇಕು" ಎಂದಿತ್ತು. ಎರಡು ಸಲ ಬರೆದು ಎರಡು ಸಲವೂ ಉಜ್ಜಿದ್ದೀರಿ. ಕಪಾಟುಗಳ ಸಂದಿಗೆ ಹೋಗಿ ಅತ್ತೆ. ಬಹಳ ಹೊತ್ತು ಅತ್ತೆ.

ನನ್ನ ಹೇಳಿಕೆ ಬೇಡ ಎಂದಿರಿ. ಮತ್ತೆ ಅದೇ ಗೋಡೆ ದಪ್ಪ ಮಾಡುವ ಕೆಲಸ. ನಾನು ಕೇಳಲಿಲ್ಲ. ಸಮಿತಿ ವಿಚಾರಣೆಯ ಹಾಲಿನಲ್ಲೇ ಕೂತಿತ್ತು. ಎಲ್ಲಿ ನಿಲ್ಲಬೇಕೆಂದು ತೋಚದೆ ಕಟಕಟೆಗೆ ಹೋದೆ. ನೂರು ವರ್ಷದ ಕೈಗಳು ಹಿಡಿದು ಹಿಡಿದು ಅದರ ಅಡ್ಡಪಟ್ಟಿ ನುಣ್ಣಗಾಗಿದೆ. ಎಷ್ಟು ಸಾವಿರ ಸಾಕ್ಷಿಗಳ ಹೇಳಿಕೆಗೆ ದಾರ ಕಟ್ಟಿದ್ದೇನೆ, ಅದನ್ನು ಹಿಡಿದು ನಿಂತದ್ದು ಮಾತ್ರ ಇದೇ ಮೊದಲು.

ಎಲ್ಲ ಹೇಳಿದೆ. ಯಾಕೆ ಹಾಗೆ ಹಿಡಿದಿರಿ ಎಂದು ಎಂಜಿನಿಯರ್ ಕೇಳಿದರು. "ಅವರು ಇನ್ನೊಂದ್ಸಲ ಬರ್ಲಿ ಅಂತ" ಎಂದೆ. ಟೈಪಿಸ್ಟ್ ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿ, "ಅದನ್ನೂ ಬರ್ಕೊಳಮ್ಮ" ಎಂದರು. ಯಾರೂ ನಗಲಿಲ್ಲ. ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ತಮ್ಮ ಮಾತು ಬಿಟ್ಟಿದ್ದಾನೆ. ಅವನ ಹೆಂಡತಿ ಮಾತ್ರ ಬಾಗಿಲು ಹಾಕಿಕೊಂಡು, "ಅಕ್ಕ, ನೋಡೋಕೆ ಹೇಗಿದ್ರು?" ಎಂದು ಕೇಳಿದಳು.

ಪುಸ್ತಕದ ಮೊತ್ತ ಒಂದು ಕಡೆ, ನನ್ನ ಮಾತು ಒಂದು ಕಡೆ. ಎರಡೂ ಹೊಂದುತ್ತವೆಯೋ ಎಂದು ಎದುರಿಗೇ ನೋಡಬೇಕಂತೆ. ಆಗಸ್ಟ್ 8ರಂದು ಹಳೆಯ ಬಟ್ಟೆಯ ಟೇಪಿನಿಂದ, ಅಂದು ಓದಿದವರೇ ಓದಬೇಕು, ಹಿಡಿದವರೇ ಹಿಡಿಯಬೇಕು ಎಂದು ಆದೇಶವಾಗಿದೆ. ಹೊಂದದಿದ್ದರೆ ಕೆಡವುತ್ತಾರೆ. ಬನ್ನಿ.

ಜುಲೈ 26

ಬರುತ್ತೇನೆ. ಟೇಪು ಇದೆ.

ಅಡಿಪಟ್ಟಿ

ಆಗಸ್ಟ್ 24

ಅಡಿಪಟ್ಟಿಯವರೇ,

ಸಮಿತಿಯ ವರದಿ ಬಂತು. "ಗೋಡೆ ಎಲ್ಲೂ ಹೋಗಿಲ್ಲ" ಎಂದು ಅಂದು ಜಡ್ಜ್ ಸಾಹೇಬರು ಹೇಳಿದ್ದನ್ನೇ ನಾಲ್ಕು ಪುಟಗಳಲ್ಲಿ ಬರೆದಿದ್ದಾರೆ. ಹಗ್ಗ ಬಿಚ್ಚಿದ್ದಾರೆ. ಸುಣ್ಣ ಬಳಿಯುವವರು ಮುಂದಿನ ವಾರ ಬರುತ್ತಾರೆ. ನಾನು ಬರೆಯುತ್ತಿರುವ ಚರಿತ್ರೆ ಹದಿನೆಂಟನೆಯ ಪುಟದಲ್ಲಿದೆ. ನಿಮ್ಮ ಬಗ್ಗೆ ಎಷ್ಟು ಬರೆಯಬೇಕೋ ತಿಳಿಯುತ್ತಿಲ್ಲ.

ಆ ದಿನವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಪಡಸಾಲೆಯ ಆ ತುದಿಯಲ್ಲಿ ನೀವು ನಿಂತಾಗ ಮೊದಲು ಗುರುತು ಸಿಗಲಿಲ್ಲ. ಅಡಿಪಟ್ಟಿ ಸ್ವಲ್ಪ ಬಾಗಿದೆ. ಅಷ್ಟು ಜನ ಸುತ್ತ ನಿಂತಿದ್ದರು, ನಾನು ನಾಲ್ಕು ಬೆರಳನ್ನು ಗೋಡೆಗೆ ಆನಿಸಿದೆ. ಗೋಡೆ ತಣ್ಣಗಿತ್ತು. "ಹಿಡಿದಿರಾ?" ಎಂದಿರಿ. ದನಿ ಮಾತ್ರ ಮೊದಲಿನದೇ. "ಹಿಡಿದೆ" ಎಂದೆ. ಎಂಬತ್ತಮೂರು ಅಡಿ ಆರು ಅಂಗುಲ ಎಂದು ಓದಿದಿರಿ. ಕೈ ತೆಗೆದು ಹಿಡಿದಾಗ ಒಂಬತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾವಿಬ್ಬರು ಟೇಪು ಸುತ್ತುತ್ತ ಹತ್ತಿರ ಬಂದೆವು. ಎಂಟನೆಯ ಕಮಾನಿನ ಹತ್ತಿರ ಎದುರುಬದುರಾದೆವು.

ಅಷ್ಟರಲ್ಲಿ ಎಂಜಿನಿಯರ್ ಬಂದು ಇಬ್ಬರನ್ನೂ ಕ್ಯಾಂಟೀನಿಗೆ ಎಳೆದೊಯ್ದರು. ನಮ್ಮ ನಡುವೆಯೇ ಕೂತು ಒಂದು ಗಂಟೆ ಸಿಮೆಂಟಿನ ವಿಷಯ ಮಾತಾಡಿದರು. ನಾಲ್ಕು ಗಂಟೆಗೆ ನಿಮ್ಮ ಬಸ್ಸು. ಮೆಟ್ಟಿಲ ಮೇಲೆ ನೀವು "ಎಡಗಡೆ ಇನ್ನೂ ಸವೆದಿದೆ" ಎಂದಿರಿ, ನಾನು "ಹೌದು, ಸವೆದಿದೆ" ಎಂದೆ. ಅಂಥ ಕಾಗದಗಳನ್ನು ಬರೆದುಕೊಂಡವರು, ಎದುರಿಗೆ ಸಿಕ್ಕಾಗ ಮೆಟ್ಟಿಲಿನ ಕಲ್ಲಿನ ಬಗ್ಗೆ ಮಾತಾಡಿದೆವು. ನೀವು ಬಸ್ಸು ಹತ್ತಿದಿರಿ. ನಾನು ವಾಪಸು ಹೋಗಿ, ಹೊಳೆಯ ಕಡೆಯ ಎಂಟು ಕಂಬಗಳ ಹತ್ತಿರ ಕತ್ತಲಾಗುವ ತನಕ ಕೂತೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಈಗ ಒಂದು ಕೆಲಸದ ವಿಷಯ. ಮುಂದಿನ ತಿಂಗಳಿನಿಂದ ನಾನು ಮನೆಯಲ್ಲೇ ಇರುವವಳು. ಮುಂದಿನ ಕೋಣೆಗೆ ಉತ್ತರದ ಬೆಳಕು ಬೀಳುತ್ತದೆ, ಗೆರೆ ಎಳೆಯುವವರಿಗೆ ಅದೇ ಒಳ್ಳೆಯದೆಂದು ನೀವೇ ಹೇಳಿದ್ದಿರಿ. ನಿಮ್ಮ ನಕ್ಷೆಯ ಮೇಜು ಆರು ಅಡಿ ಉದ್ದ ಎಂದು ಎಂಜಿನಿಯರರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅದು ಕಿಟಕಿಯ ಕೆಳಗೆ ಹಿಡಿಸುತ್ತದೆಯೇ ಎಂದು ನಿನ್ನೆ ಅಳೆದೆ. ತಮ್ಮನ ಹೆಂಡತಿ ಆ ತುದಿ ಹಿಡಿದಳು, ಈ ತುದಿ ನಾನು.

ಮೂರು ಸಲ ಅಳೆದೆವು. ಮೂರು ಸಲವೂ ನಾಲ್ಕು ಬೆರಳು ಕಡಿಮೆ ಬರುತ್ತಿದೆ.

ಲೆಕ್ಕ ಕೂಡುತ್ತಿಲ್ಲ. ಮತ್ತೆ ಬರಬೇಕಾಗುತ್ತದೆ.